ಹುಕ್ಕಿಗೊಂದು ಕೀಲಿ

ಮದುವೆಯಾಗಿ ಬ್ಯಾಡಗಿಗೆ ಬಂದ ಹೊಸತರಲ್ಲಿ ನಾನು ನನ್ನ ಗಂಡನ ಮುಖಕ್ಕಿಂತ ಬೆನ್ನನ್ನೇ ಹೆಚ್ಚು ನೋಡಿದ್ದೆ. ನಸುಕಿನಲ್ಲಿ ಎದ್ದು ಅಂಗಳಕ್ಕೆ ನೀರು ಹಾಕಲು ಬಂದರೆ ಅವರು ಆಗಲೇ ಕಾರಿನ ಹಿಂದೆ ಮೊಣಕಾಲೂರಿ, ಬಂಪರಿನ ಕೆಳಗೆ ಕೈ ತೂರಿಸಿ ಏನನ್ನೋ ಬಿಗಿಯುತ್ತ ಕೂತಿರುತ್ತಿದ್ದರು. ನನ್ನ ಬಳೆಯ ಸಪ್ಪಳ ಕೇಳಿದರೂ ತಿರುಗುತ್ತಿರಲಿಲ್ಲ. ಒಳಗಿನಿಂದ ಅತ್ತೆ ನೋಡುತ್ತಾರೆಂಬ ಸಂಕೋಚ ಅವರಿಗೆ. ನನಗೂ ಅದೇ. ಹಗಲೆಲ್ಲ ನಾವು ಒಂದೇ ಮನೆಯಲ್ಲಿ ಇಬ್ಬರು ಬಾಡಿಗೆದಾರರ ಹಾಗೆ ಓಡಾಡಿಕೊಂಡಿರುತ್ತಿದ್ದೆವು.

ಎಂಬತ್ತರ ದಶಕದ ನಡುವಿನ ಮಾತು ಇದು. ನಮ್ಮದು ಭಾಂಡೆ ಬಾಡಿಗೆಗೆ ಕೊಡುವ ಮನೆ. ಮದುವೆ, ಸೀಮಂತ, ಜವಳ ಯಾವುದಿದ್ದರೂ ಸುತ್ತಲಿನ ಹಳ್ಳಿಯವರು ಕೊಪ್ಪರಿಗೆ, ಹಂಡೆ, ಜಮಖಾನೆಗಳಿಗೆ ನಮ್ಮಲ್ಲಿಗೇ ಬರುತ್ತಿದ್ದರು. ಮಾವನವರು ಹಳೆಯ ಅಂಬಾಸಿಡರ್ ಕಾರೊಂದನ್ನು ಕೊಂಡ ಮೇಲೆ ಮದುಮಗನನ್ನು ಕರೆತರುವ ಬಾಡಿಗೆಯೂ ಸೇರಿಕೊಂಡಿತು. ಅದೇ ಕಾರಿಗೆ ಎರಡು ಗಾಲಿಯ ಸಣ್ಣ ಟ್ರೇಲರ್ ಕಟ್ಟಿದರೆ ಭಾಂಡೆಗೆ ಬೇರೆ ಗಾಡಿ ಹುಡುಕುವುದು ತಪ್ಪುತ್ತದೆ ಎಂದು ನನ್ನ ಗಂಡನಿಗೆ ಹೊಳೆಯಿತು. ರಾಣೇಬೆನ್ನೂರಿನ ವೆಲ್ಡಿಂಗ್ ಅಂಗಡಿಯಲ್ಲಿ ನಿಂತು ಮಾಡಿಸಿಕೊಂಡು ಬಂದರು. ಮುಂದೆ ಮದುಮಗ, ಹಿಂದೆ ಕೊಪ್ಪರಿಗೆ. ಊರವರು ನಕ್ಕರು, ಆದರೆ ಕರೆಯುವುದನ್ನು ಬಿಡಲಿಲ್ಲ.

ಟ್ರೇಲರ್ ಎಳೆಯುವ ಕಬ್ಬಿಣಕ್ಕೆ ಮನೆಯಲ್ಲಿ ಎಲ್ಲರೂ ಹುಕ್ಕು ಎನ್ನುತ್ತಿದ್ದರು. ಮೊಳದುದ್ದದ ದಪ್ಪ ಸಲಾಕೆ ಅದು. ಬರೀ ಮದುಮಗನನ್ನು ಕರೆತರುವ ದಿನ ಅದು ಹಿಂದೆ ಚಾಚಿಕೊಂಡಿದ್ದರೆ ಹೆಂಗಸರ ಸೀರೆ ಸಿಕ್ಕಿಕೊಳ್ಳುತ್ತದೆ, ಗಂಡಸರ ಮೊಣಕಾಲು ಬಡಿಯುತ್ತದೆ ಎಂದು ಬಿಚ್ಚಿ ತೆಗೆಯುವ ಹಾಗೆ ಮಾಡಿಸಿದ್ದರು. ಕಾರಿನ ಅಡಿಯಲ್ಲಿದ್ದ ಚೌಕು ಪೈಪಿನೊಳಗೆ ಹುಕ್ಕನ್ನು ತೂರಿಸಿ, ಎರಡಕ್ಕೂ ಅಡ್ಡಲಾಗಿ ಒಂದು ಪಿನ್ನು ಹಾಕಿ, ಪಿನ್ನಿನ ತುದಿಯ ತೂತಿಗೆ ತಂತಿ ಸುತ್ತಿದರೆ ಆಯಿತು. ಆ ತಂತಿ ಬಿಚ್ಚುವುದು ಕಳ್ಳನಿಗೂ ಅಷ್ಟೇ ಸುಲಭವಾಗಿತ್ತು.

ಮೊದಲನೆಯ ಹುಕ್ಕು ಕಾಗಿನೆಲೆಯ ಒಂದು ಮದುವೆಯಲ್ಲಿ ಹೋಯಿತು. ನನ್ನ ಗಂಡ ಟ್ರೇಲರನ್ನು ಅಡುಗೆಯ ಚಪ್ಪರದ ಬಳಿ ಬಿಚ್ಚಿಟ್ಟು, ಕಾರನ್ನು ಬೇವಿನ ಮರದ ಕೆಳಗೆ ನಿಲ್ಲಿಸಿ ಊಟಕ್ಕೆ ಕೂತಿದ್ದರು. ಎದ್ದು ಬಂದು ನೋಡಿದರೆ ಹುಕ್ಕೂ ಇಲ್ಲ, ಪಿನ್ನೂ ಇಲ್ಲ; ಬಿಚ್ಚಿದ ತಂತಿ ಮಾತ್ರ ಮಣ್ಣಿನಲ್ಲಿ ಬಿದ್ದಿತ್ತು. ಮರುದಿನ ಯಾರದೋ ಎತ್ತುಗಳು ನಮ್ಮ ಟ್ರೇಲರನ್ನು ಎಳೆದುಕೊಂಡು ಬ್ಯಾಡಗಿಯ ಪೇಟೆಯ ನಡುವೆ ಬಂದವು. ಎರಡನೆಯದು ಬ್ಯಾಡಗಿಯಲ್ಲೇ ಹೋಯಿತು. ಮೆಣಸಿನಕಾಯಿ ಪೇಟೆಯ ಸುಗ್ಗಿ, ಕಾಲಿಡಲು ಜಾಗವಿಲ್ಲದಷ್ಟು ಜನ. ಒಬ್ಬ ವ್ಯಾಪಾರಿಯ ಮನೆಯೊಳಗೆ ಜಮಖಾನೆ ಇಟ್ಟು ಬರುವುದರೊಳಗೆ ಹುಕ್ಕು ಮಾಯ.

ಮೂರನೆಯ ಹುಕ್ಕು, ಪಿನ್ನು ಮಾಡಿಸಿಕೊಂಡು ಬಂದಾಗ ಮಾವನವರಿಗೆ ಸಿಟ್ಟು ಬಂತು. “ಗುಜರಿಯವಗ ಹಾಕಾಕ ನಾವ ಹುಕ್ಕ ಮಾಡಸಾಕತ್ತೇವೇನು?” ಎಂದು ಮಗನನ್ನು ಕೇಳಿದರು. “ತಂತಿ ಗಿಂತಿ ಬಿಡು. ಒಂದು ಕೀಲಿ ತಗೊಂಬಾ.”

ನಮ್ಮ ಕಡೆ ಬೀಗಕ್ಕೆ ಕೀಲಿ ಎನ್ನುತ್ತೇವೆ, ಅದನ್ನು ತೆರೆಯುವುದಕ್ಕೆ ಕೀಲಿಕೈ.

“ಇಲ್ಲಿ ಬರೇ ಬಾಗಲಾ ಕೀಲಿ ಸಿಗತಾವ,” ಎಂದರು ನನ್ನ ಗಂಡ. “ಹಾವೇರಿಗೆ ಹೋಗಬೇಕಾಗತೈತಿ.”

ಅಡುಗೆಮನೆಯಿಂದ ಅತ್ತೆಯ ಧ್ವನಿ ಬಂತು. “ಹಂಗಾರ ಇಕೀನ್ನೂ ಕರಕೊಂಡ ಹೋಗು. ಅವರವ್ವಗ ಭೆಟ್ಟಿ ಮಾಡಿಸಿಕೊಂಡ ಬಾ.”

ನನ್ನ ತವರು ಹಾವೇರಿ. ಅತ್ತೆ ಹೆಚ್ಚು ಮಾತಿನವರಲ್ಲ. ಸೊಂಟದಲ್ಲಿ ಉಗ್ರಾಣದ ಕೀಲಿಕೈಗಳ ಗೊಂಚಲು, ಮುಖದಲ್ಲಿ ಸದಾ ಏನನ್ನೋ ನೆನಪಿಸಿಕೊಳ್ಳುತ್ತಿರುವಂಥ ಗಂಟು. ಅವರು ಹಾಗೆ ಹೇಳುತ್ತಾರೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಬೆಳಿಗ್ಗೆ ಹೊರಟಾಗ ನಾನು ಹಿಂದಿನ ಸೀಟಿನಲ್ಲಿ ಕೂತೆ. ಊರೊಳಗೆ ಅದೇ ರೀತಿ. ಮೋಟೆಬೆನ್ನೂರಿನಲ್ಲಿ ಬ್ಯಾಡಗಿಯ ರಸ್ತೆ ಮುಗಿದು ದೊಡ್ಡ ರಸ್ತೆ ಸೇರುತ್ತದೆ. ಅದಕ್ಕೆ ಹತ್ತಿದ ಮೇಲೆ ಅವರು ಕಾರನ್ನು ಬದಿಗೆ ನಿಲ್ಲಿಸಿದರು. ಕನ್ನಡಿಯಲ್ಲಿ ಕೂಡ ನನ್ನನ್ನು ನೋಡದೆ, “ಮುಂದ ಬಾ. ಹಿಂದ ಕುಂತ್ರ ಬಾಡಗಿ ಗಿರಾಕಿಯಂಗ ಕಾಣತಿ,” ಎಂದರು.

ನಾನು ಮುಂದೆ ಬಂದು ಕೂತೆ. ಕಾರಿನ ಮುಂದಿನ ಗಾಜು ಅಷ್ಟು ದೊಡ್ಡದಿರುತ್ತದೆಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ರಸ್ತೆ ನೇರವಾಗಿ ನನ್ನ ಮಡಿಲಿಗೇ ಬರುತ್ತಿತ್ತು. ಹತ್ತಿ ಬಿಡಿಸಿದ ಹೊಲಗಳು, ಅಲ್ಲಲ್ಲಿ ಸೂರ್ಯಕಾಂತಿ, ಹುಣಸೆಮರಗಳ ನೆರಳು ಬಂದು ಮುಖ ಸವರಿ ಹೋಗುವುದು, ಮತ್ತೆ ಬಿಸಿಲು, ಮತ್ತೆ ನೆರಳು. ಕಿಟಕಿಯ ಗಾಳಿಗೆ ಸೆರಗು ಹಾರುತ್ತಿತ್ತು. ಬ್ಯಾಡಗಿಗೆ ಬಂದಾಗಿನಿಂದ ಮೆಣಸಿನಕಾಯಿ ಘಾಟಿಗೆ ಸೀನುತ್ತಲೇ ಇದ್ದ ನಾನು ಆ ದಿನ ಹಾವೇರಿ ಮುಟ್ಟುವವರೆಗೆ ಒಮ್ಮೆಯೂ ಸೀನಲಿಲ್ಲ. ನಾವು ಮಾತಾಡಿದ್ದು ಕಡಿಮೆ. ಆದರೂ ಬಹಳ ಮಾತಾಡಿದ ಹಾಗೆ ನೆನಪು.

ಹಾವೇರಿಯ ಪೇಟೆಯಲ್ಲಿ ಅಂಗಡಿಯವನು ಕಟ್ಟೆಯ ಮೇಲೆ ಒಂದು ಗೋಣಿತಟ್ಟು ಹಾಸಿ ಕೀಲಿಗಳನ್ನು ಸಾಲಾಗಿ ಇಟ್ಟ. ಹಿತ್ತಾಳೆಯವು, ಕಬ್ಬಿಣದವು, ಬೆರಳಿನ ಉಗುರಿನಷ್ಟು ಸಣ್ಣವು, ಅಂಗೈ ತುಂಬುವಂಥವು. ನನ್ನ ಗಂಡ ನನ್ನ ಕಡೆ ನೋಡಿ, “ಯಾವುದು?” ಎಂದು ಕೇಳಿದರು. ನನ್ನನ್ನು ಯಾರೂ ಅದುವರೆಗೆ ಹಾಗೆ ಕೇಳಿರಲಿಲ್ಲ. ಮದುವೆಯ ಸೀರೆಯನ್ನೂ ಹಿರಿಯರೇ ಆರಿಸಿದ್ದರು. ನಾನು ಎಲ್ಲಕ್ಕಿಂತ ದೊಡ್ಡ ಹಿತ್ತಾಳೆಯದನ್ನು ಎತ್ತಿಕೊಂಡೆ. ಕೈಯಲ್ಲಿ ತಣ್ಣಗೆ, ತೂಕವಾಗಿ, ಮಲಗಿದ ಕೂಸಿನ ಹಾಗಿತ್ತು.

“ಇದ ಇರಲಿ,” ಎಂದರು ಅವರು. ಅಳತೆ ನೋಡಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ. ಅವ್ವನ ಮನೆಯಲ್ಲಿ ಚಹಾ ಕುಡಿದು, ಸಂಜೆ ಮನೆಗೆ ಬಂದು ನೋಡಿದರೆ ಕೀಲಿಯ ಕೊಂಡಿ ಪಿನ್ನಿನ ತೂತಿಗಿಂತ ದಪ್ಪ. ತೂತು ದೊಡ್ಡದು ಮಾಡಿದರೆ ಪಿನ್ನಿನ ಶಕ್ತಿ ಹೋಗುತ್ತದೆ ಎಂದರು ಮಾವ.

ಹೀಗಾಗಿ ಮುಂದಿನ ವಾರ ಮತ್ತೆ ಹಾವೇರಿ. ಕಲಾಯಿ ಹಾಕಿಸಬೇಕಾದ ಪಾತ್ರೆಗಳೂ ಇದ್ದವು, ಹೋಗಲು ನೆಪಕ್ಕೆ ಕೊರತೆ ಇರಲಿಲ್ಲ. ಈ ಸಲ ಪಿನ್ನನ್ನೇ ಜೇಬಿನಲ್ಲಿಟ್ಟುಕೊಂಡು ಹೋಗಿ, ತೂತಿಗೆ ಹೊಂದುವ ಸಣ್ಣ ಕೀಲಿಯೊಂದನ್ನು ತಂದೆವು. ಸರಿಯಾಗಿ ಕೂತಿತು. ಮಾವನವರು ಅಂಗಳಕ್ಕೆ ಬಂದು, ಕಾರಿನ ಸುತ್ತ ಒಂದು ಸುತ್ತು ಹಾಕಿ, ಒರಳಿನ ಪಕ್ಕದ ಗುಂಡುಕಲ್ಲು ಎತ್ತಿ ಒಂದೇ ಏಟು ಹಾಕಿದರು. ಕೀಲಿ ಬಾಯಿ ಬಿಟ್ಟಿತು.

“ಇದು ಕೀಲಿ ಅಲ್ಲೋ ತಮ್ಮಾ,” ಎಂದರು. “ಕಿವ್ಯಾಗ ಹಾಕ್ಕೊಳ್ಳೋ ಬೆಂಡವಾಲಿ.”

ನಾನು ಸೆರಗು ಬಾಯಿಗೆ ಹಿಡಿದು ಒಳಗೆ ಓಡಿದೆ. ಹಿಂದೆ ನನ್ನ ಗಂಡ ನಕ್ಕಿದ್ದು ಕೇಳಿಸಿತು.

ಮೂರನೆಯ ಸಲ ರಾಣೇಬೆನ್ನೂರಿಗೆ ಹೋದೆವು. ಅದು ಬೇಸಿಗೆ. ಆ ಹೊತ್ತಿಗೆ ಮೋಟೆಬೆನ್ನೂರು ದಾಟಿದ ಕೂಡಲೇ ಕಾರು ತಾನಾಗಿ ನಿಲ್ಲುವುದು, ನಾನು ಹಿಂದಿನಿಂದ ಮುಂದೆ ಬರುವುದು ರೂಢಿಯಾಗಿತ್ತು. ದಾರಿಯಲ್ಲಿ ಅವರು ತಾವು ಚಿಕ್ಕವರಿದ್ದಾಗ ಉಗ್ರಾಣದ ಎಲ್ಲಕ್ಕಿಂತ ದೊಡ್ಡ ಕೊಪ್ಪರಿಗೆಯೊಳಗೆ ಇಳಿದು ಕೂತು, ಸುಮ್ಮನೆ ‘ಓ’ ಎನ್ನುತ್ತಿದ್ದುದನ್ನು ಹೇಳಿದರು. “ಯಾಕ್ರಿ?” ಎಂದೆ. “ಯಾರೋ ದೊಡ್ಡ ಮನಷ್ಯಾ ಮಾತಾಡಿದಂಗ ಕೇಳತಿತ್ತು,” ಎಂದರು. ನಾನು ತವರಿನ ಮಾಳಿಗೆಯ ಮೇಲೆ ಮಲಗಿ ರೈಲಿನ ಸದ್ದು ಕೇಳುತ್ತಿದ್ದುದನ್ನು ಹೇಳಿದೆ. ಹೇಳುತ್ತ ಹೇಳುತ್ತಲೇ ನಿದ್ದೆ ಬಂದಿರಬೇಕು.

ಎಚ್ಚರಾದಾಗ ಕಾರು ಒಂದು ಆಲದ ಮರದ ಕೆಳಗೆ ನಿಂತಿತ್ತು. ಇಂಜಿನ್ ಬಂದ್ ಆಗಿತ್ತು. ಪಕ್ಕದ ಸೀಟು ಖಾಲಿ. ಎಲೆಗಳ ನೆರಳು ಗಾಜಿನ ಮೇಲೆ ನೀರಿನ ಹಾಗೆ ಅಲುಗುತ್ತಿತ್ತು, ಎಲ್ಲಿಯೋ ಒಂದು ಪಂಪ್‌ಸೆಟ್ ಗುಟುಗುಟು ಎನ್ನುತ್ತಿತ್ತು. ನಾನು ಎಲ್ಲಿದ್ದೇನೆ, ಯಾರ ಮನೆಯವಳು ಎಂಬುದು ಕ್ಷಣಹೊತ್ತು ಮರೆತೇಹೋಗಿತ್ತು. ಆ ಮರೆವು ಎಷ್ಟು ಹಗುರವಾಗಿತ್ತೆಂದರೆ ಹಾಗೇ ಇದ್ದುಬಿಡೋಣ ಅನ್ನಿಸಿತು. ಕನ್ನಡಿಯಲ್ಲಿ ನೋಡಿದರೆ ಅವರ ಬೆನ್ನು ಕಂಡಿತು. ಹೊಸದಾಗಿ ಮಾಡಿಸಿದ ಹುಕ್ಕಿನ ಮೇಲೆ ಕೂತು, ರಸ್ತೆಯಾಚೆಯ ಹೊಲ ನೋಡುತ್ತಿದ್ದರು.

ಇಳಿದು ಹೋಗಿ, “ಯಾಕ ಎಬ್ಬಿಸಲಿಲ್ರಿ?” ಎಂದೆ.

“ಮನಸ ಬರಲಿಲ್ಲ. ನಮ್ಮ ಮನ್ಯಾಗ ನಿನಗ ಹಗಲ ನಿದ್ದಿ ಎಲ್ಲಿ ಐತಿ?”

ಅವರು ಸ್ವಲ್ಪ ಸರಿದರು. ಆ ಸಲಾಕೆಯ ಮೇಲೆ ಇಬ್ಬರಿಗೆ ಜಾಗವಿರಲಿಲ್ಲ, ಆದರೂ ಸರಿದರು. ನಾನು ಬಂಪರಿಗೆ ಒರಗಿ ನಿಂತೆ.

ಅಂದು ರಾಣೇಬೆನ್ನೂರಿನಿಂದ ತಂದದ್ದು ಉದ್ದ ಕೊಂಡಿಯ ಕಬ್ಬಿಣದ ಕೀಲಿ. ತೂತಿಗೆ ಹೊಂದಿತು, ಮಾವನವರ ಕಲ್ಲಿಗೂ ಬಗ್ಗಲಿಲ್ಲ. ಆದರೆ ಉದ್ದವಾದ್ದರಿಂದ ಜೋತುಬಿದ್ದು, ಕಾರು ಹೊರಟಿತೆಂದರೆ ಪೈಪಿಗೆ ಬಡಿದು ಟಣ್ ಟಣ್ ಎನ್ನುತ್ತಿತ್ತು. ಹಲಗೇರಿಗೆ ಬಾಡಿಗೆ ಹೋದಾಗ ಮದುಮಗನ ತಾಯಿ, “ದೇವರ ಮುಂದ ಗಂಟಿ ಬಾರಿಸಿದಂಗ ಆಗಾಕತ್ತೈತಲ್ರಿ, ಏನದು?” ಎಂದು ದಾರಿಯುದ್ದಕ್ಕೂ ಕೇಳಿದರಂತೆ. ಒಂದು ಬಟ್ಟೆ ಸುತ್ತಿದರೆ ಆ ಸದ್ದು ನಿಲ್ಲುತ್ತಿತ್ತು. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಆದರೆ ಅಂದು ಸಂಜೆ ನಾನು ಕಾರಿನ ಹಿಂದೆ ಬಗ್ಗಿ ನೋಡಿ, “ಸದ್ದಷ್ಟ ಅಲ್ಲ. ಕೀಲಿಕೈ ಹಾಕೋ ತೂತಿಗೆ ಮುಚ್ಚಳನ ಇಲ್ಲ. ಮಳಿಗಾಲದಾಗ ನೀರ ತುಂಬತೈತಿ,” ಎಂದೆ.

ಅವರು ನನ್ನನ್ನು ನೋಡಿದರು. ಅಂಗಳದಲ್ಲಿ, ಹಗಲು ಬೆಳಕಿನಲ್ಲಿ, ಮೊದಲ ಸಲ ನೇರವಾಗಿ ನೋಡಿದರು. “ಹೌದಲ್ಲ,” ಎಂದರು. “ಬ್ಯಾರೇದು ತರಬೇಕು.”

“ನೀವು ಸುಟ್ಟ ಪೆಟ್ರೋಲಿನ್ಯಾಗ ಕೀಲಿ ಅಂಗಡಿನ ಬರತಿತ್ತು,” ಎಂದು ಮಾವನವರು ಪಡಸಾಲೆಯಿಂದ ಗೊಣಗಿದರು.

ಅಷ್ಟರಲ್ಲಿ ಅತ್ತೆ ಹೊಸ್ತಿಲಿಗೆ ಬಂದು ನಿಂತಿದ್ದರು. ಕೈ ಒರೆಸಿಕೊಳ್ಳುತ್ತ, “ನಾಳೆ ನಾನೂ ಬರತೇನಿ,” ಎಂದರು.

ಬೆಳಿಗ್ಗೆ ಅತ್ತೆ ಇಳಕಲ್ ಸೀರೆ ಉಟ್ಟು ಮುಂದಿನ ಸೀಟಿನಲ್ಲಿ ಕೂತರು. ನಾನು ಹಿಂದೆ. ಮೋಟೆಬೆನ್ನೂರಿನಲ್ಲಿ ಕಾರು ಅಭ್ಯಾಸಬಲದಿಂದ ಬದಿಗೆ ಸರಿದು, ನಿಧಾನವಾಗಿ, ಮತ್ತೆ ಮುಂದೆ ಹೋಯಿತು.

“ಯಾಕೋ, ಏನಾತು?” ಎಂದರು ಅತ್ತೆ.

“ಏನಿಲ್ಲ ಯವ್ವಾ.”

ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಕೂತೆ. ಸ್ವಲ್ಪ ದೂರ ಹೋದ ಮೇಲೆ ನೋಡಿದರೆ ಅತ್ತೆ ಕಿಟಕಿಯ ಹೊರಗೆ ಕೈ ಚಾಚಿದ್ದರು. ಅಂಗೈ ಅಗಲಿಸಿ ಗಾಳಿಗೆ ಒಡ್ಡಿದ್ದರು, ನೀರಿನಲ್ಲಿ ಆಡುವವರ ಹಾಗೆ. “ಗಾಳಿ ಎಷ್ಟ ಬರತೈತಲ್ಲೋ ಇದರಾಗ,” ಎಂದರು. ಕಾರು ಮನೆಗೆ ಬಂದಾಗಿನಿಂದ ಅವರು ಅದರಲ್ಲಿ ಕೂತದ್ದು ದವಾಖಾನೆಗೆ ಹೋಗಲು, ಯಾರದೋ ಮಣ್ಣಿಗೆ ಹೋಗಲು. ಹೀಗೆ ಯಾವ ದುಃಖವೂ ಇಲ್ಲದೆ ಕೂತದ್ದು ಅದೇ ಮೊದಲು. ನನ್ನ ಮುನಿಸು ಎಲ್ಲಿ ಹೋಯಿತೋ ಗೊತ್ತಿಲ್ಲ. ನಾನೂ ನನ್ನ ಕಿಟಕಿಯಿಂದ ಕೈ ಚಾಚಿದೆ.

ರಾಣೇಬೆನ್ನೂರಿನ ಅಂಗಡಿಯಲ್ಲಿ ಅವರಿಗೆ ಕುರ್ಚಿ ಹಾಕಿಕೊಟ್ಟರು. “ಕುಂದ್ರಿ ಅಮ್ಮಾರ. ಎಂಥಾ ಕೀಲಿ ಬೇಕ್ರಿ?” ಎಂದ ಅಂಗಡಿಯವನು.

“ಕಣ್ಣ ಮುಚ್ಚಿ ತಗಿಯಾಕ ಬರುವಂಥಾದ್ದು.”

ಅವನು ತಲೆ ಕೆರೆದುಕೊಂಡ. “ಅಂಥಾದ್ದನ್ನ ಕಳ್ಳರ ಕೇಳತಾರ್ರಿ ಅಮ್ಮಾರ.”

ಅತ್ತೆ ನಕ್ಕುಬಿಟ್ಟರು. ಅವರ ನಗು ನಾನು ಆವರೆಗೆ ಕೇಳಿರಲಿಲ್ಲ. ಹೊಟ್ಟೆಯಾಳದಿಂದ ಬಂದು ಅಂಗಡಿಯ ತುಂಬ ಹರಡಿತು. ಆಮೇಲೆ ಸಾವಕಾಶವಾಗಿ ಹೇಳಿದರು. “ಮದುವಿ ಮುಗಿಸಿಕೊಂಡು ಇವ ಬರೂದು ಯಾವಾಗಲೂ ಕತ್ತಲಾಗಪಾ. ಭಾಂಡೆ ಇಳಿಸಿ, ದಣದು, ಕಾರಿನ ಬುಡಕ ಬಗ್ಗಿ ತಡಕ್ಯಾಡತಾನ. ದಿನಾ ನೋಡತೇನಿ ನಾ.”

ನನ್ನ ಗಂಡ ಅಂಗಡಿಯ ಕಂಬದ ಕಡೆ ನೋಡುತ್ತ ನಿಂತರು.

ಅತ್ತೆ ಕಣ್ಣು ಮುಚ್ಚಿ ಒಂದೊಂದೇ ಕೀಲಿಯನ್ನು ಮಡಿಲಿಗೆ ತೆಗೆದುಕೊಂಡು, ಬೆರಳಿನಿಂದ ತೂತು ಹುಡುಕಿ, ಕೀಲಿಕೈ ತಿರುಗಿಸಿ ನೋಡತೊಡಗಿದರು. ಗಿರಾಕಿಗಳು ಕೆಲಸ ಬಿಟ್ಟು ನೋಡಿದರು. ಹೊರಗೆ ಬಿಸಿಲು, ಟಾಂಗಾದ ಗೆಜ್ಜೆ. ಒಳಗೆ ಎಣ್ಣೆಯ ವಾಸನೆ, ಕಿಟ್ ಕಿಟ್ ಎಂಬ ಸಣ್ಣ ಸದ್ದು, ಕಣ್ಣು ಮುಚ್ಚಿದ ಅವರ ಶಾಂತ ಮುಖ. ಎಷ್ಟು ಹೊತ್ತು ಹಾಗೆ ಕಳೆಯಿತೋ. ಕೊನೆಗೆ ಗಿಡ್ಡನೆಯ ಹಿತ್ತಾಳೆ ಕೀಲಿಯೊಂದರಲ್ಲಿ ಬೆರಳು ನಿಂತವು. ಅದರ ತೂತಿಗೆ ಸರಿಸಿದರೆ ಸರಿಯುವ ಸಣ್ಣ ಮುಚ್ಚಳವಿತ್ತು. ಕೀಲಿಕೈ ಯಾವ ಕಡೆ ಮೇಲಾಗಬೇಕೆಂಬುದಕ್ಕೆ ಅದರ ತಲೆಯ ಮೇಲೆ ಬೆರಳಿಗೆ ತಾಗುವ ಒಂದು ಉಬ್ಬು ಇತ್ತು. ನನ್ನ ಗಂಡ ಜೇಬಿನ ಪಿನ್ನು ತೆಗೆದು ಹಚ್ಚಿ ನೋಡಿದರು. ಕೊಂಡಿ ಸಲೀಸಾಗಿ ಹೋಯಿತು. ಜೋತುಬಿದ್ದು ಬಡಿಯುವಷ್ಟು ಉದ್ದವೂ ಇರಲಿಲ್ಲ.

“ಇದ,” ಎಂದು ಅತ್ತೆ ಕಣ್ಣು ತೆರೆದರು.

ಮರಳುವಾಗ ಅವರು ಸೀಟಿಗೆ ತಲೆಯಾನಿಸಿ ನಿದ್ದೆ ಹೋದರು. ನನ್ನ ಗಂಡ ಕಾರನ್ನು ಎತ್ತಿನ ಗಾಡಿಯಷ್ಟು ನಿಧಾನ ನಡೆಸಿದರು. ಕನ್ನಡಿಯಲ್ಲಿ ಅವರ ಕಣ್ಣು, ನನ್ನ ಕಣ್ಣು ಆಗಾಗ ಸೇರುತ್ತಿದ್ದವು. ಇನ್ನು ನಮಗೆ ಹೋಗಲು ಕಾರಣ ಉಳಿದಿರಲಿಲ್ಲ.

ಮನೆಯಲ್ಲಿ ಮಾವನವರು ಈ ಸಲ ಕಲ್ಲು ಬಿಟ್ಟು ಸುತ್ತಿಗೆಯನ್ನೇ ತಂದರು. ಎರಡು ಸಲ ಬಡಿದು, ಝುಮ್ಮೆಂದ ಕೈ ಕೊಡವಿಕೊಂಡು, “ಆತು. ಇನ್ನ ಸಾಕು,” ಎಂದರು. ನನ್ನ ಗಂಡ ಒಂದು ಕೀಲಿಕೈಯನ್ನು ತಾವಿಟ್ಟುಕೊಂಡು ಇನ್ನೊಂದನ್ನು ಮನೆಯ ಗೂಟಕ್ಕೆ ನೇತುಹಾಕಿದರು.

ಅತ್ತೆ ರೊಟ್ಟಿ ಬಡಿಯುತ್ತಲೇ ಹೇಳಿದರು. “ಇನ್ನೊಂದು ಕೀಲಿಕೈ ಬೇಕು.”

“ಯಾರಿಗೆ?” ಎಂದರು ಮಾವ.

“ನನಗ. ನನ್ನ ಗೊಂಚಲದಾಗ ಒಂದ ಇರಲಿ.”

“ಹಂಗಾರ ಇಲ್ಲೇ ಪೇಟ್ಯಾಗ ಮಾಡಸಿದ್ರಾತು.”

“ಇಲ್ಲಿಯವರು ಚಂದಾಗಿ ಮಾಡಂಗಿಲ್ಲ. ಹಾವೇರಿಗೆ ಹೋಗ್ರಿ ಇಬ್ಬರೂ.” ರೊಟ್ಟಿಯನ್ನು ಹಂಚಿಗೆ ಹಾಕಿ, ಅದರ ಮೇಲೆ ನೀರು ಸವರಿ, ನನ್ನ ಕಡೆ ನೋಡದೆಯೇ ಮುಂದುವರಿಸಿದರು. “ಲಗೂ ಬರಬೇಕಂತೇನಿಲ್ಲ. ರಾತ್ರಿ ಅಡಗಿ ನಾ ಮಾಡತೇನಿ.”

ಆ ಕೀಲಿ ಬಹಳ ವರ್ಷ ಬಾಳಿತು. ಒಂದು ಬೆಳಿಗ್ಗೆ ಅದರ ಮೈಮೇಲೆ ಹೊಸ ಗೀರುಗಳಿದ್ದವು, ಪೈಪು ಸ್ವಲ್ಪ ನೆಗ್ಗಿತ್ತು, ಆದರೆ ಹುಕ್ಕು ಇದ್ದಲ್ಲೇ ಇತ್ತು. ಆಮೇಲೆ ಯಾರೂ ಅದರ ತಂಟೆಗೆ ಬರಲಿಲ್ಲ. ತೊಂಬತ್ತರ ದಶಕದಲ್ಲಿ ಭಾಂಡೆಗೆ ಟೆಂಪೋ ಬಂತು, ಟ್ರೇಲರು ಹಿತ್ತಿಲಿಗೆ ಹೋಗಿ ಅದರ ಮೇಲೆ ಹೀರೆಬಳ್ಳಿ ಹಬ್ಬಿತು. ಮೊದಲ ಕಳ್ಳ ಯಾರು, ಎರಡನೆಯವ ಯಾರು, ತಿಳಿಯಲೇ ಇಲ್ಲ.

ಆದರೆ ನನಗೆ ಹೆಚ್ಚು ನೆನಪಾಗುವುದು ಅತ್ತೆಯ ಗೊಂಚಲಿಗೆ ಆ ಮೂರನೆಯ ಕೀಲಿಕೈ ಮಾಡಿಸಲು ಹೋದ ದಿನ. ಹಾವೇರಿಯ ಬಸ್‌ಸ್ಟ್ಯಾಂಡಿನ ಹತ್ತಿರ ಕೊಡೆಯ ನೆರಳಲ್ಲಿ ಕೂತಿದ್ದ ಮುದುಕರೊಬ್ಬರು ಪಕ್ಕದ ಹಣ್ಣಿನವನ ಜೊತೆ ಉರ್ದುವಿನಲ್ಲಿ ಹರಟುತ್ತಲೇ ಅರ ಹಾಕಿ, ಊದಿ, ಕೀಲಿಕೈಯನ್ನು ನಮ್ಮ ಕೈಗಿಟ್ಟರು. “ಆತ್ರಿ.”

“ಇಷ್ಟ ಲಗೂನ?” ಎಂದರು ನನ್ನ ಗಂಡ.

“ಯಾಕ್ರಿ, ಲಗೂ ಬ್ಯಾಡಾಗಿತ್ತೇನ್ರಿ?” ಎಂದು ಅವರು ಕನ್ನಡಕದ ಮೇಲಿನಿಂದ ನೋಡಿದರು. ನನ್ನ ಗಂಡ ಜೇಬಿನಿಂದ ಚಿಲ್ಲರೆ ತೆಗೆದು ಎಣಿಸತೊಡಗಿದರು.

ಮಧ್ಯಾಹ್ನ ಇನ್ನೂ ಪೂರ್ತಿ ಬಾಕಿ ಇತ್ತು. ಸುಮ್ಮನೆ ಮನೆಯ ದಾರಿ ಹಿಡಿದೆವು. ಮೋಟೆಬೆನ್ನೂರು ಬಂತು. ಬ್ಯಾಡಗಿಗೆ ತಿರುಗುವ ಜಾಗದಲ್ಲಿ ಕಾರು ತಿರುಗಲಿಲ್ಲ.

“ದಾರಿ ತಪ್ಪಿದ್ರಿ,” ಎಂದೆ.

“ತಪ್ಪಿಲ್ಲ.”

“ಮತ್ತ ರಾಣೇಬೆನ್ನೂರಾಗ ಏನ ತರೂದೈತ್ರಿ?”

“ಏನಿಲ್ಲ.”

ರಾಣೇಬೆನ್ನೂರನ್ನೂ ದಾಟಿ, ಹೆಸರು ಗೊತ್ತಿಲ್ಲದ ಒಂದು ಮಣ್ಣುದಾರಿಗೆ ಇಳಿದು ಅವರು ಇಂಜಿನ್ ಬಂದ್ ಮಾಡಿದರು. ಹೊತ್ತು ಇಳಿಯುತ್ತಿತ್ತು. ಕೊಯ್ದ ಜೋಳದ ಹೊಲದಾಚೆ ಕುರುಚಲು, ಕುರುಚಲಿನ ಅಂಚಿನಲ್ಲಿ ಚಿಗರಿಗಳ ಹಿಂಡು. ಕಪ್ಪು ಬೆನ್ನಿನದೊಂದು ಕೊಂಬು ಎತ್ತಿ ನಮ್ಮನ್ನು ಬಹಳ ಹೊತ್ತು ನೋಡಿ, ಇವರಿಗೆ ಅಂಜಬೇಕಾಗಿಲ್ಲ ಎಂದುಕೊಂಡಿತೇನೋ, ಮತ್ತೆ ಮೇಯತೊಡಗಿತು. ಒಂದು ಮರಿ ಸುಮ್ಮಸುಮ್ಮನೆ ಜಿಗಿಯಿತು. ಗಾಳಿಯಲ್ಲಿ ಒಣಹುಲ್ಲಿನ ವಾಸನೆ.

ಸೂರ್ಯ ಮುಳುಗಿ ಹಿಂಡು ಮಸುಕಾಗುತ್ತ ಬಂದಾಗ ಅವರು ಕೇಳಿದರು. “ಇನ್ನೊಂದೀಟ ಹೊತ್ತು ಇರೂಣೇನು?”

“ಇರೂಣ್ರಿ,” ಎಂದೆ.